ಗಣಕಯಂತ್ರವು ತಡವಾಗಿ ಏಳುವುದೇಕೆ?

ಗುಂಡಿಯನ್ನೊತ್ತಿದ ಬಳಿಕ ಗಣಕಯಂತ್ರವು ಕೆಲಸಕ್ಕೆ ಸಿದ್ಧವಾಗಲು ಮೂರು ನಾಲ್ಕು ನಿಮಿಷಗಳು ಹಿಡಿಯುತ್ತವೆಂಬ ದೂರು ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಬಿಡಿಭಾಗಗಳನ್ನು ಬೇರೆ ಬೇರೆಯಾಗಿ ಕೊಂಡು ಜೋಡಿಸಿದ, ಜನರು ‘ಅಸೆಂಬಲ್ಡ್’ ಎಂದು ಕರೆಯುವ ಮೇಜಿನ ಕಂಪ್ಯೂಟರುಗಳ ವಿಷಯದಲ್ಲಿ ಈ ದೂರಿಗೆ ಒಂದು ವಿಶೇಷವುಂಟು. ಬೆಂಗಳೂರಿನ ಎಸ್. ಪಿ. ರೋಡಿನಂತಹ ಪೇಟೆಯಲ್ಲಿ ಒಂದಂಗಡಿಯಿಂದ ಮದರ್‌ಬೋರ್ಡನ್ನೂ ಇನ್ನೊಂದರಿಂದ ರ್‍ಯಾಮನ್ನೂ ಮತ್ತೊಂದರಿಂದ ಡಿಸ್ಕನ್ನೂ ಕೊಂಡು ಜೋಡಿಸಿಕೊಂಡರೆ ಹಣವು ಉಳಿಯುವುದು ನಿಜ. ಬೇಕಾದುದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೂ ನಮಗಿರುತ್ತದೆ. ಆದರೆ ಮುಂದೆ ಯಂತ್ರವು ತೊಂದರೆ ಕೊಟ್ಟಾಗ ಇಡೀ ಯಂತ್ರಕ್ಕೆ ಹೊಣೆಯಾದ ಒಬ್ಬ ತಯಾರಕನು ಇರುವುದಿಲ್ಲ. ಬೋರ್ಡಿನವರು ರ್‍ಯಾಮಿನ ಕಡೆಗೂ ರ್‍ಯಾಮಿನವರು ಬೋರ್ಡಿನ ಕಡೆಗೂ ಬೆರಳು ತೋರಿಸುತ್ತಾರೆ. ಆದಕಾರಣ ಇಂತಹ ಯಂತ್ರವುಳ್ಳವರು ಅದರ ರೋಗವನ್ನು ಸ್ವಲ್ಪಮಟ್ಟಿಗಾದರೂ ತಾವೇ ಪರೀಕ್ಷಿಸಲು ಕಲಿತಿರಬೇಕು.

ತಡವಾಗಿ ಏಳುವ ಯಂತ್ರವನ್ನು ಅಂಗಡಿಗೆ ಕೊಂಡೊಯ್ದರೆ ಸಾಮಾನ್ಯವಾಗಿ ದೊರೆಯುವ ಉತ್ತರಗಳು ಎರಡೇ. ‘ಹಳೆಯದಾಯಿತು, ಬದಲಾಯಿಸಿಬಿಡಿ’ ಎಂಬುದೊಂದು. ‘ವಿಂಡೋಸನ್ನು ಅಳಿಸಿ ಹೊಸದಾಗಿ ಹಾಕೋಣ’ ಎಂಬುದಿನ್ನೊಂದು. ಇವು ಕೆಲವು ವೇಳೆ ಸರಿಯಾಗಿಯೂ ಇರುತ್ತವೆ. ಆದರೆ ಕಾಲವನ್ನು ಅಳೆಯದೆ ಆಡಿದ ಮಾತು ಊಹೆಯೇ ಹೊರತು ನಿದಾನವಲ್ಲ. ‘ಯಂತ್ರವು ಏಕೆ ನಿಧಾನ?’ ಎಂದು ಕೇಳುವುದಕ್ಕಿಂತಲೂ ‘ಗುಂಡಿಯಿಂದ ಸಿದ್ಧತೆಯವರೆಗಿನ ದಾರಿಯಲ್ಲಿ ಯಾವ ಘಟ್ಟದಲ್ಲಿ ಕಾಲವು ವ್ಯಯವಾಗುತ್ತಿದೆ?’ ಎಂದು ಕೇಳುವುದು ಯುಕ್ತ. ಈ ಎರಡನೆಯ ಪ್ರಶ್ನೆಗೆ ಉತ್ತರವನ್ನು ಒಂದು ಕೈಗಡಿಯಾರದ ಸಹಾಯದಿಂದಲೇ ಬಹುಮಟ್ಟಿಗೆ ಪಡೆಯಬಹುದು. ಅದಕ್ಕೆ ಆ ದಾರಿಯ ಪರಿಚಯವು ಮೊದಲು ಆಗಬೇಕು.

ಗಣಕಯಂತ್ರವು ಏಳುವುದರಲ್ಲಿ ಒಂದು ಒಗಟಿದೆ. ಯಂತ್ರವು ಯಾವ ಕೆಲಸವನ್ನು ಮಾಡಬೇಕಾದರೂ ಅದರ ರ್‍ಯಾಮಿನಲ್ಲಿ ಆದೇಶಗಳ ಸರಣಿಯೊಂದು, ಎಂದರೆ ಪ್ರೋಗ್ರಾಮು, ಇರಬೇಕು. ವಿದ್ಯುತ್ತು ನಿಂತೊಡನೆ ರ್‍ಯಾಮು ಎಲ್ಲವನ್ನೂ ಮರೆಯುತ್ತದೆ. ಹಾಗಾದರೆ ಬೆಳಗ್ಗೆ ಡಿಸ್ಕಿನಿಂದ ಪ್ರೋಗ್ರಾಮನ್ನು ತಂದು ರ್‍ಯಾಮಿನಲ್ಲಿ ಇಡುವವರಾರು? ಅದಕ್ಕೂ ಒಂದು ಪ್ರೋಗ್ರಾಮು ಬೇಕಲ್ಲವೆ? ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವವನ ಪಾಡಿಗೆ ಇದನ್ನು ಹೋಲಿಸಿದ್ದರಿಂದಲೇ ಯಂತ್ರವು ಏಳುವುದಕ್ಕೆ ಇಂಗ್ಲಿಷಿನಲ್ಲಿ ‘ಬೂಟ್’ ಎಂಬ ಹೆಸರು ಬಂದಿತು. ಒಗಟಿಗೆ ಪರಿಹಾರವೆಂದರೆ ಮದರ್‌ಬೋರ್ಡಿನ ಮೇಲೆಯೇ ಬೆಸೆದಿರುವ ಒಂದು ಪುಟ್ಟ ಚಿಪ್ಪು. ವಿದ್ಯುತ್ತಿಲ್ಲದಿದ್ದರೂ ಮರೆಯದ ಒಂದು ಪ್ರೋಗ್ರಾಮು ಇದರೊಳಗೆ ಇರುತ್ತದೆ. ೧೯೮೧ರಲ್ಲಿ ಐ.ಬಿ.ಎಂ. ಕಂಪನಿಯು ಹೊರತಂದ ‘ಪರ್ಸನಲ್ ಕಂಪ್ಯೂಟರ್’ನಲ್ಲಿ ಇದಕ್ಕೆ ‘ಬಯಾಸ್’ ಎಂದು ಹೆಸರಿತ್ತು. ಈಗಿನ ಯಂತ್ರಗಳಲ್ಲಿರುವುದು ಯು.ಇ.ಎಫ್.ಐ. ಎಂಬ ಬೇರೆ ಏರ್ಪಾಡು. ಆದರೂ ರೂಢಿಯಲ್ಲಿ ಬಯಾಸ್ ಎಂಬ ಹೆಸರೇ ಉಳಿದಿದೆ. ಈ ಲೇಖನದಲ್ಲಿಯೂ ಹಾಗೆಯೇ ಕರೆಯೋಣ.

ಗುಂಡಿಯನ್ನೊತ್ತಿದಾಗ ಮೊದಲು ಪವರ್ ಸಪ್ಲೈ ಪೆಟ್ಟಿಗೆಯು ತನ್ನ ವೋಲ್ಟೇಜುಗಳು ಸ್ಥಿರವಾದುವೆಂಬ ಸೂಚನೆಯನ್ನು ಬೋರ್ಡಿಗೆ ಕೊಡುತ್ತದೆ. ಇದಕ್ಕೆ ಅರ್ಧ ಸೆಕೆಂಡೂ ಹಿಡಿಯಲಾರದು. ಒಡನೆಯೇ ಪ್ರೊಸೆಸರು ಬಯಾಸಿನ ಆದೇಶಗಳನ್ನು ಓದಲಾರಂಭಿಸುತ್ತದೆ. ಬಯಾಸು ರ್‍ಯಾಮನ್ನು ಸಿದ್ಧಗೊಳಿಸಿ, ಚಿತ್ರಫಲಕ, ಕೀಲಿಮಣೆ, ಡಿಸ್ಕುಗಳು, ಯು.ಎಸ್.ಬಿ. ಸಾಧನಗಳು ಇವೆಲ್ಲವನ್ನೂ ಹುಡುಕಿ ಹಾಜರಿ ತೆಗೆದುಕೊಳ್ಳುತ್ತದೆ. ಹಾಜರಿಯು ಮುಗಿದ ಮೇಲೆ, ಯಾವ ಡಿಸ್ಕಿನಿಂದ ಏಳಬೇಕೆಂದು ನಾವು ಬರೆದಿಟ್ಟಿರುವ ಕ್ರಮವನ್ನು ನೋಡಿ, ಆ ಡಿಸ್ಕಿನಲ್ಲಿರುವ ಬೂಟ್ ಲೋಡರಿಗೆ ಅಧಿಕಾರವನ್ನು ಒಪ್ಪಿಸುತ್ತದೆ. ಅಲ್ಲಿಂದ ಮುಂದೆ ವಿಂಡೋಸ್ ಅಥವಾ ಲಿನಕ್ಸಿನ ಆಳ್ವಿಕೆ: ಮೊದಲು ಕರ್ನೆಲ್ ಎಂಬ ತಿರುಳು, ಬಳಿಕ ಸಾಧನಗಳನ್ನು ನಡೆಸುವ ಡ್ರೈವರುಗಳು, ತೆರೆಯ ಹಿಂದೆ ಕೆಲಸ ಮಾಡುವ ಸೇವೆಗಳು, ಪಾಸ್‌ವರ್ಡನ್ನು ಕೇಳುವ ತೆರೆ, ಕೊನೆಗೆ, ‘ನಾನೂ ಜೊತೆಯಲ್ಲಿಯೇ ಏಳುತ್ತೇನೆ’ ಎಂದು ಹೆಸರು ಬರೆಯಿಸಿಕೊಂಡಿರುವ ಹಲವು ಪ್ರೋಗ್ರಾಮುಗಳು.

ಹೀಗೆ ದಾರಿಯು ಸ್ಥೂಲವಾಗಿ ಮೂರು ಭಾಗಗಳಾಯಿತು. ಗುಂಡಿಯಿಂದ ವಿಂಡೋಸಿನ ತಿರುಗುವ ಚುಕ್ಕೆಗಳು ಕಾಣುವವರೆಗೆ ಬಯಾಸಿನ ಕಾಲ. ಚುಕ್ಕೆಗಳಿಂದ ಪಾಸ್‌ವರ್ಡಿನ ತೆರೆಯವರೆಗೆ ವಿಂಡೋಸಿನ ಕಾಲ. ಅಲ್ಲಿಂದ ಯಂತ್ರವು ನಮ್ಮ ಮಾತನ್ನು ಸಲೀಸಾಗಿ ಕೇಳುವವರೆಗೆ ಉಳಿದ ಪ್ರೋಗ್ರಾಮುಗಳ ಕಾಲ. ಗಡಿಯಾರವನ್ನು ಹಿಡಿದು ಮೂರನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಿರಿ. ಬಯಾಸಿನ ಕಾಲವನ್ನು ವಿಂಡೋಸು ತಾನೇ ಲೆಕ್ಕವಿಟ್ಟಿರುವುದೂ ಉಂಟು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರನ್ನು ತೆರೆದು, ‘ಸ್ಟಾರ್ಟಪ್ ಆ್ಯಪ್ಸ್’ ಎಂಬ ಪುಟಕ್ಕೆ ಹೋದರೆ ಬಲಗಡೆಯ ಮೇಲ್ಭಾಗದಲ್ಲಿ ‘ಲಾಸ್ಟ್ ಬಯಾಸ್ ಟೈಮ್’ ಎಂದು ಸೆಕೆಂಡುಗಳಲ್ಲಿ ಕಾಣುತ್ತದೆ. ಹತ್ತು ಹದಿನೈದು ಸೆಕೆಂಡುಗಳಿದ್ದರೆ ಚಿಂತೆಯಿಲ್ಲ. ನಲವತ್ತು, ಐವತ್ತು ಎಂದಿದ್ದರೆ ವಿಂಡೋಸನ್ನು ಅಳಿಸಿ ಹೊಸದಾಗಿ ಹಾಕುವುದರಿಂದ ಯಾವ ಪ್ರಯೋಜನವೂ ಇಲ್ಲವೆಂಬುದು ಅಲ್ಲಿಯೇ ಸಿದ್ಧವಾಯಿತು. ಏಕೆಂದರೆ ಆ ಕಾಲವು ಕಳೆಯುವಾಗ ವಿಂಡೋಸು ಇನ್ನೂ ರಂಗಕ್ಕೇ ಬಂದಿರುವುದಿಲ್ಲ.

ಅಳೆಯುವಾಗ ಒಂದು ಎಚ್ಚರಿಕೆ ಅವಶ್ಯ. ೨೦೧೨ರಲ್ಲಿ ಬಂದ ವಿಂಡೋಸ್ ೮ರಿಂದ ಈಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ಉಪಾಯವೊಂದಿದೆ. ನಾವು ‘ಶಟ್ ಡೌನ್’ ಎಂದು ಒತ್ತಿದಾಗ ವಿಂಡೋಸು ತನ್ನ ಕರ್ನೆಲಿನ ಸ್ಥಿತಿಯನ್ನು ಡಿಸ್ಕಿನ ಮೇಲೆ ಬರೆದಿಟ್ಟು, ಮಾರನೆಯ ದಿನ ಅದನ್ನೇ ಓದಿಕೊಂಡು ಏಳುತ್ತದೆ. ಅಂದರೆ ಅದು ಪೂರ್ಣವಾಗಿ ಮಲಗಿರುವುದೇ ಇಲ್ಲ. ‘ರೀಸ್ಟಾರ್ಟ್’ ಎಂದು ಒತ್ತಿದಾಗ ಮಾತ್ರ ಮೊದಲಿನಿಂದ ಕಡೆಯವರೆಗೆ ಏಳುತ್ತದೆ. ಶಟ್ ಡೌನ್ ಮಾಡಿದರೆ ಹೋಗದ ಹಲವು ತೊಂದರೆಗಳು ರೀಸ್ಟಾರ್ಟ್ ಮಾಡಿದರೆ ಹೋಗುವುದರ ರಹಸ್ಯವೂ ಇದೇ. ಆದುದರಿಂದ ವಿಂಡೋಸಿನ ಕಾಲವನ್ನು ರೀಸ್ಟಾರ್ಟ್ ಮಾಡಿ ಅಳೆಯಬೇಕು. ಬಯಾಸಿನ ಕಾಲವನ್ನು ರಾತ್ರಿಯೆಲ್ಲ ಆರಿಸಿಟ್ಟ ಯಂತ್ರವನ್ನು ಬೆಳಗ್ಗೆ ಹೊತ್ತಿಸಿ ಅಳೆಯಬೇಕು. ಎರಡನ್ನೂ ಮೂರು ಮೂರು ಸಲ ಅಳೆದರೆ ನಂಬಬಹುದಾದ ಲೆಕ್ಕವು ಸಿಕ್ಕುತ್ತದೆ.

ಬಯಾಸಿನ ಕಾಲವೇ ದೊಡ್ಡದಾಗಿ ಕಂಡುಬಂದರೆ, ಇತ್ತೀಚೆಗೆ ಜೋಡಿಸಿದ ಯಂತ್ರಗಳಲ್ಲಿ ಮೊದಲು ಸಂಶಯಪಡಬೇಕಾದುದು ರ್‍ಯಾಮನ್ನು. ೨೦೨೧ರಿಂದ ಮೇಜಿನ ಕಂಪ್ಯೂಟರುಗಳಿಗೆ ಬಂದ ಡಿ.ಡಿ.ಆರ್. ೫ ಎಂಬ ಜಾತಿಯ ರ್‍ಯಾಮು ಬಹು ವೇಗವುಳ್ಳದ್ದು. ಅಷ್ಟು ವೇಗದಲ್ಲಿ ಪ್ರೊಸೆಸರಿಗೂ ರ್‍ಯಾಮಿಗೂ ನಡುವಿನ ತಂತಿಗಳಲ್ಲಿ ಸಂಕೇತಗಳು ಕ್ಷಣದ ಅತ್ಯಲ್ಪ ಭಾಗದಷ್ಟು ಹಿಂದು ಮುಂದಾದರೂ ಮಾತು ಕೆಡುತ್ತದೆ. ಸಂಗೀತಗಾರರು ಕಚೇರಿಗೆ ಮೊದಲು ತಂಬೂರಿಯ ಶ್ರುತಿಯನ್ನು ಸೇರಿಸಿಕೊಳ್ಳುವಂತೆ ಬಯಾಸು ಒಂದೊಂದು ತಂತಿಯ ಕಾಲವನ್ನೂ ವೋಲ್ಟೇಜನ್ನೂ ಹೊಂದಿಸಿ ನೋಡುತ್ತದೆ. ಇದಕ್ಕೆ ‘ಮೆಮೊರಿ ಟ್ರೇನಿಂಗ್’ ಎಂದು ಹೆಸರು. ಎ.ಎಂ.ಡಿ. ಕಂಪನಿಯು ೨೦೨೨ರಲ್ಲಿ ಹೊರತಂದ ಎ.ಎಂ. ೫ ಎಂಬ ಜಾತಿಯ ಬೋರ್ಡುಗಳಲ್ಲಿ, ಹೊಸದಾಗಿ ಜೋಡಿಸಿ ಮೊದಲ ಸಲ ಹೊತ್ತಿಸಿದಾಗ ಇದಕ್ಕೆ ಹಲವು ನಿಮಿಷಗಳೇ ಹಿಡಿಯುವುದುಂಟು. ತೆರೆಯು ಕಪ್ಪಾಗಿಯೇ ಇರುತ್ತದೆ. ಬೋರ್ಡಿನ ಮೇಲೆ ‘ಡಿ-ರ್‍ಯಾಮ್’ ಎಂದು ಬರೆದ ದೀಪವೊಂದು ಉರಿಯುತ್ತಿರುತ್ತದೆ. ಕೆಟ್ಟುಹೋಯಿತೆಂದು ಆರಿಸಿದರೆ ಶ್ರುತಿಮಾಡುವ ಕೆಲಸವು ಮತ್ತೆ ಮೊದಲಿನಿಂದ. ಅದು ಮೊದಲ ಸಲಕ್ಕೆ ಮಾತ್ರ ಸಹಜ. ಪ್ರತಿದಿನವೂ ಹೀಗೆಯೇ ಆದರೆ, ಹಿಂದಿನ ಶ್ರುತಿಯನ್ನು ನೆನಪಿಟ್ಟುಕೊಂಡು ಬಳಸುವ ‘ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್’ ಎಂಬ ಆಯ್ಕೆಯು ಆ ಬೋರ್ಡುಗಳ ಬಯಾಸಿನಲ್ಲಿದೆ. ಅದನ್ನು ಹಾಕಿದ ಮೇಲೆ ಯಂತ್ರವು ನಡುನಡುವೆ ನೀಲಿ ತೆರೆಯನ್ನು ತೋರಿಸಿ ನಿಲ್ಲುವಂತಾದರೆ ತೆಗೆದುಬಿಡಬೇಕು. ಅರ್ಧ ನಿಮಿಷವು ಉಳಿಯಿತೆಂದು ಬರೆಯುತ್ತಿರುವ ಕಡತವು ಕೆಡುವುದು ಲಾಭದ ವ್ಯಾಪಾರವಲ್ಲ. ನಾಲ್ಕು ರ್‍ಯಾಮ್ ಪಟ್ಟಿಗಳನ್ನು ಹಾಕುವ ಬದಲು ದೊಡ್ಡ ಪಟ್ಟಿಗಳೆರಡನ್ನು ಹಾಕಿದರೂ ಶ್ರುತಿಮಾಡುವ ಶ್ರಮವು ಕಡಿಮೆಯಾಗುತ್ತದೆ. ಕೊಳ್ಳುವಾಗಲೇ ಇದನ್ನು ಯೋಚಿಸುವುದು ಮೇಲು.

ಬಯಾಸನ್ನು ಕಾಯಿಸುವ ಇತರ ಕಾರಣಗಳು ಸುಲಭವಾದುವು. ಹಿಂಭಾಗದಲ್ಲಿ ಮರೆತುಬಿಟ್ಟ ಪೆನ್‌ಡ್ರೈವು, ಹೊರಗಿನ ಡಿಸ್ಕು, ಪ್ರಿಂಟರು ಇವುಗಳನ್ನು ಕಳಚಿ ಒಮ್ಮೆ ಹೊತ್ತಿಸಿ ನೋಡಿರಿ. ಏಳುವ ಕ್ರಮದಲ್ಲಿ ನೆಟ್‌ವರ್ಕಿನ ಹೆಸರು ಮೊದಲಿದ್ದರೆ ಯಂತ್ರವು ಇಲ್ಲದ ಸರ್ವರನ್ನು ಕೂಗಿ ಉತ್ತರಕ್ಕಾಗಿ ಕಾದಿರುತ್ತದೆ; ವಿಂಡೋಸಿರುವ ಡಿಸ್ಕನ್ನು ಮೊದಲಿಗೆ ತರಬೇಕು. ಪ್ರತಿ ಸಲವೂ ತಾರೀಖು ತಪ್ಪಾಗಿ, ನಾವು ಬರೆದಿಟ್ಟ ಆಯ್ಕೆಗಳೆಲ್ಲ ಅಳಿಸಿಹೋಗುತ್ತಿದ್ದರೆ ಬೋರ್ಡಿನ ಮೇಲಿನ, ನಾಣ್ಯದಾಕಾರದ ೩ ವೋಲ್ಟಿನ ಬ್ಯಾಟರಿಯು ಬರಿದಾಗಿದೆಯೆಂದು ತಿಳಿಯಬೇಕು. ‘ಸಿ.ಆರ್. ೨೦೩೨’ ಎಂದು ಕೇಳಿದರೆ ಗಡಿಯಾರದ ಅಂಗಡಿಯಲ್ಲಿಯೂ ದೊರೆಯುತ್ತದೆ.

ಇನ್ನು ಡಿಸ್ಕಿನ ಮಾತು. ಹಳೆಯ ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ನಿಮಿಷಕ್ಕೆ ೭,೨೦೦ ಸಲ ಸುತ್ತುತ್ತಿರುತ್ತವೆ. ಎಂದರೆ ಸೆಕೆಂಡಿಗೆ ೧೨೦ ಸುತ್ತು. ಬೇಕಾದ ಸ್ಥಳವು ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು ೪ ಮಿಲಿಸೆಕೆಂಡು. ಮುಳ್ಳು ಆ ಜಾಡಿಗೆ ಸರಿಯಲು ಇನ್ನೂ ೮ ಅಥವಾ ೯ ಮಿಲಿಸೆಕೆಂಡು. ಒಟ್ಟಿನಲ್ಲಿ ಅಲ್ಲೊಂದು ಇಲ್ಲೊಂದು ಚದರಿರುವ ತುಣುಕುಗಳನ್ನು ಸೆಕೆಂಡಿಗೆ ಎಂಬತ್ತರಷ್ಟು ಮಾತ್ರ ಓದಬಲ್ಲದು. ಯಂತ್ರವು ಏಳುವಾಗ ಬೇಕಾಗುವುದು ಇಂತಹ ಸಾವಿರಾರು ಪುಟ್ಟ ತುಣುಕುಗಳು. ಎಸ್.ಎಸ್.ಡಿ.ಯಲ್ಲಿ ತಿರುಗುವ ತಟ್ಟೆಯಿಲ್ಲ, ಸರಿಯುವ ಮುಳ್ಳಿಲ್ಲ. ಒಂದು ತುಣುಕಿಗೆ ಒಂದು ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲವು ಸಾಕು. ನೂರು ಪಾಲಿನ ಈ ಅಂತರದಿಂದಲೇ, ವಿಂಡೋಸನ್ನು ಹಾರ್ಡ್ ಡಿಸ್ಕಿನಿಂದ ಎಸ್.ಎಸ್.ಡಿ.ಗೆ ಸಾಗಿಸಿದಾಗ ಹಳೆಯ ಯಂತ್ರವೂ ಹೊಸ ಜೀವವನ್ನು ಪಡೆಯುವುದು. ಆದರೆ ಈ ತರ್ಕವನ್ನು ಇನ್ನೂ ಮುಂದಕ್ಕೆಳೆಯಬಾರದು. ಸೆಕೆಂಡಿಗೆ ೫೫೦ ಮೆಗಾಬೈಟು ಓದುವ ಸಾಧಾರಣ ಎಸ್.ಎಸ್.ಡಿ.ಯನ್ನು ತೆಗೆದು ೭,೦೦೦ ಮೆಗಾಬೈಟು ಓದುವ ಎನ್.ವಿ.ಎಂ.ಇ. ಜಾತಿಯದನ್ನು ಹಾಕಿದರೆ, ಏಳುವ ಕಾಲದಲ್ಲಿ ಉಳಿಯುವುದು ಕೆಲವೇ ಸೆಕೆಂಡು. ಆ ದೊಡ್ಡ ಸಂಖ್ಯೆಗಳು ಒಂದೇ ದೊಡ್ಡ ಕಡತವನ್ನು ಸಾಗಿಸುವ ಕೆಲಸಕ್ಕೆ ಸೇರಿದುವು.

ಡಿಸ್ಕು ಬರಿದೆ ನಿಧಾನವಾಗಿರುವುದು ಬೇರೆ, ಸಾಯುತ್ತಿರುವುದು ಬೇರೆ. ಈ ಭೇದವನ್ನು ತಿಳಿಯದೆ ಹೋದರೆ ಆಗುವ ನಷ್ಟವು ಕಾಲದ್ದಲ್ಲ. ನಮ್ಮ ಪರಿಚಯದ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಯಲ್ಲಿದ್ದುಕೊಂಡೇ ಮಹಿಳಾ ಸಂಘವೊಂದರ ಲೆಕ್ಕಪತ್ರಗಳನ್ನು ಬರೆಯುತ್ತಾಳೆ. ಅವಳ ಯಂತ್ರವು ಜೋಡಿಸಿದ ಹೊಸತರಲ್ಲಿ ಅರ್ಧ ನಿಮಿಷದೊಳಗೆ ಏಳುತ್ತಿದ್ದುದು ಕೆಲವು ತಿಂಗಳುಗಳಲ್ಲಿ ನಾಲ್ಕು ನಿಮಿಷಕ್ಕೆ ಬಂದಿತು. ಅಂಗಡಿಯೊಂದರಲ್ಲಿ ಬೋರ್ಡನ್ನೂ ಪ್ರೊಸೆಸರನ್ನೂ ಬದಲಾಯಿಸಬೇಕೆಂದು ಹೇಳಿದರು. ಅವಳ ವಿಂಡೋಸು ಇದ್ದುದು ಎಸ್.ಎಸ್.ಡಿ.ಯ ಮೇಲೆ, ಅದು ಹೇಗೆ ಇಷ್ಟು ನಿಧಾನವಾದೀತು? ಕಾಲವನ್ನು ಅಳೆದಾಗ ಬಯಾಸಿನಲ್ಲಿಯೇ ಒಂದು ನಿಮಿಷಕ್ಕೂ ಮಿಕ್ಕಿ ಹೋಗುತ್ತಿತ್ತು, ವಿಂಡೋಸಿನಲ್ಲಿ ಉಳಿದುದು. ಎರಡು ಘಟ್ಟಗಳಲ್ಲಿಯೂ ಕಾಲವು ಬೆಳೆದಿದ್ದುದರಿಂದ ತಪ್ಪು ಎರಡಕ್ಕೂ ಸಮಾನವಾದ ಯಾವುದೋ ಸಾಧನದಲ್ಲಿರಬೇಕೆಂದು ತರ್ಕವಾಯಿತು. ಆ ಪೆಟ್ಟಿಗೆಯಲ್ಲಿ, ಹಿಂದಿನ ಕಂಪ್ಯೂಟರಿನಿಂದ ತೆಗೆದಿಟ್ಟ ೧ ಟೆರಾಬೈಟಿನ ಹಾರ್ಡ್ ಡಿಸ್ಕೊಂದು ಎರಡನೆಯದಾಗಿ ಕುಳಿತಿತ್ತು. ಗೋಡೆಯ ಪ್ಲಗ್ಗನ್ನು ಕಿತ್ತು, ಕೈಯಿಂದ ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಂಡು, ಆ ಡಿಸ್ಕಿನ ಎರಡು ಕೇಬಲುಗಳನ್ನು ಕಳಚಿ ಹೊತ್ತಿಸಿದಾಗ ಇಪ್ಪತ್ತೈದು ಸೆಕೆಂಡಿನಲ್ಲಿ ಯಂತ್ರವು ಎದ್ದು ಕುಳಿತಿತು.

ತಡವಾದುದರ ಅರ್ಥವು ಆಗ ಸ್ಪಷ್ಟವಾಯಿತು. ವಿಂಡೋಸು ಬೇರೆಡೆ ಇದ್ದರೂ ಹಾಜರಿಯ ಕಾಲದಲ್ಲಿ ಬಯಾಸು ಈ ಡಿಸ್ಕನ್ನು ಕೂಗುತ್ತದೆ. ವಿಂಡೋಸೂ ಇದರ ಮೇಲಿನ ಕಡತಗಳ ಪಟ್ಟಿಯನ್ನು ಓದಬೇಕು. ಓದಲಾರದ ಸ್ಥಳವು ಎದುರಾದರೆ ಡಿಸ್ಕು ಸುಮ್ಮನಾಗದೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಉಳಿದವರೆಲ್ಲರೂ ಕಾಯುತ್ತಾರೆ. ವಿಂಡೋಸಿನ ‘ಈವೆಂಟ್ ವ್ಯೂವರ್’ ಎಂಬ ದಿನಚರಿಯಲ್ಲಿ, ‘ಸಿಸ್ಟಮ್’ ಎಂಬ ಭಾಗದಲ್ಲಿ ೭, ೧೨೯, ೧೫೩ ಎಂಬ ಸಂಖ್ಯೆಗಳುಳ್ಳ ಡಿಸ್ಕಿನ ದೂರುಗಳು ಪದೇ ಪದೇ ಕಂಡರೆ ಇಂತಹ ಕಾಯುವಿಕೆಯು ನಡೆದಿದೆಯೆಂದೇ ಅರ್ಥ. ಆದರೂ ಡಿಸ್ಕಿಗೆ ಮರಣಶಾಸನವನ್ನು ಬರೆಯುವ ಮೊದಲು ಕೇಬಲನ್ನು ಸಂಶಯಿಸಬೇಕು. ‘ಕ್ರಿಸ್ಟಲ್ ಡಿಸ್ಕ್ ಇನ್ಫೋ’ ಎಂಬ ಉಚಿತ ಪ್ರೋಗ್ರಾಮು ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟಿರುವ ಲೆಕ್ಕವನ್ನು ತೋರಿಸುತ್ತದೆ. ಅದರಲ್ಲಿ ‘ಸಿ.ಆರ್.ಸಿ. ಎರರ್’ ಎಂಬ ಸಾಲಿನ ಸಂಖ್ಯೆಯು ಮಾತ್ರ ಏರುತ್ತಿದ್ದರೆ ತಪ್ಪು ಪ್ರಾಯಶಃ ಅಲ್ಪಬೆಲೆಯ ಕೇಬಲಿನದು. ‘ರೀಅಲೊಕೇಟೆಡ್’ ಮತ್ತು ‘ಪೆಂಡಿಂಗ್’ ಸೆಕ್ಟರುಗಳ ಸಂಖ್ಯೆಯು ಏರುತ್ತಿದ್ದರೆ ತಟ್ಟೆಯೇ ಕೆಡುತ್ತಿದೆ. ಆ ಡಿಸ್ಕಿನಲ್ಲಿ ಪೆಂಡಿಂಗ್ ಎಂಬುದು ದಿನದಿಂದ ದಿನಕ್ಕೆ ಹೆಚ್ಚುತ್ತಿತ್ತು.

ಅದರೊಳಗೆ ಸಂಘದ ಆರು ವರುಷಗಳ ಲೆಕ್ಕವೂ, ತೀರಿಕೊಂಡ ತಾಯಿಯ ಫೋಟೋಗಳೂ ಇದ್ದುವು, ಬೇರೆಲ್ಲಿಯೂ ಪ್ರತಿಯಿರಲಿಲ್ಲ. ಇಂತಹ ಸಮಯದಲ್ಲಿ ಹಲವರು ಮಾಡುವ ಕೆಲಸವೆಂದರೆ ‘ಚೆಕ್ ಡಿಸ್ಕ್’ ಎಂಬ ದುರಸ್ತಿಯ ಆಜ್ಞೆಯನ್ನು ಕೊಡುವುದು. ಅದು ಸಲ್ಲದು. ಆ ಆಜ್ಞೆಯು ಡಿಸ್ಕನ್ನು ಮೂಲೆಮೂಲೆಗೂ ಓಡಿಸಿ, ಇರುವ ಅಲ್ಪ ಆಯುಷ್ಯವನ್ನೂ ಮುಗಿಸಬಹುದು. ಹೊಂದಿಕೆಯಾಗದ ಕಡತಗಳನ್ನು ತುಂಡರಿಸಲೂಬಹುದು. ಮೊದಲು ಪ್ರತಿ, ಆಮೇಲೆ ದುರಸ್ತಿ. ಹೊಸ ಡಿಸ್ಕನ್ನು ತಂದು ಮೊದಲು ಲೆಕ್ಕದ ಕಡತಗಳನ್ನೂ ಬಳಿಕ ಫೋಟೋಗಳನ್ನೂ ಪ್ರತಿಮಾಡಿದರು. ಎರಡು ರಾತ್ರಿಗಳು ಹಿಡಿದುವು. ಲೆಕ್ಕವೆಲ್ಲವೂ ಉಳಿಯಿತು. ಫೋಟೋಗಳಲ್ಲಿ ಕೆಲವು ಅರ್ಧ ಬೂದುಬಣ್ಣವಾಗಿ ಬಂದುವು, ಕೆಲವು ಬರಲೇ ಇಲ್ಲ. ಅಂಗಡಿಯ ಸಲಹೆಯಂತೆ ಬೋರ್ಡನ್ನೂ ಪ್ರೊಸೆಸರನ್ನೂ ಬದಲಾಯಿಸಿದ್ದರೆ ಹಣವೂ ಹೋಗುತ್ತಿತ್ತು, ಅದೇ ಡಿಸ್ಕು ಹೊಸ ಬೋರ್ಡಿನ ಮೇಲೆ ಕುಳಿತು ಸಾಯುವುದನ್ನು ಮುಂದುವರಿಸುತ್ತಿತ್ತು.

ವಿಂಡೋಸಿನ ಕಾಲವೊಂದೇ ಹೆಚ್ಚಾಗಿದ್ದರೆ ಅದೇ ಈವೆಂಟ್ ವ್ಯೂವರಿನೊಳಗೆ ‘ಡಯಾಗ್ನಾಸ್ಟಿಕ್ಸ್ ಪರ್ಫಾರ್ಮೆನ್ಸ್’ ಎಂಬ ಅಧ್ಯಾಯವನ್ನು ತೆರೆದು ನೋಡಬೇಕು. ೧೦೦ ಎಂಬ ಸಂಖ್ಯೆಯ ಟಿಪ್ಪಣಿಯಲ್ಲಿ ಒಟ್ಟು ಕಾಲವೂ, ೧೦೧ರಲ್ಲಿ ತಡಮಾಡಿದ ಪ್ರೋಗ್ರಾಮೂ, ೧೦೨ರಲ್ಲಿ ಡ್ರೈವರೂ, ೧೦೩ರಲ್ಲಿ ಸೇವೆಯೂ ಹೆಸರು ಸಹಿತ ಬರೆದಿರುತ್ತವೆ. ಲಿನಕ್ಸನ್ನು ಬಳಸುವವರ ಪುಣ್ಯವು ಇನ್ನೂ ಹೆಚ್ಚಿನದು. ಈಗಿನ ಬಹುತೇಕ ಲಿನಕ್ಸ್ ಯಂತ್ರಗಳಲ್ಲಿ ‘ಸಿಸ್ಟಮ್‌ಡಿ-ಅನಲೈಜ್’ ಎಂಬ ಆಜ್ಞೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪು ಮಾಡಿದರೆ, ಘಟ್ಟ ಘಟ್ಟದ ಕಾಲವು ಒಂದೇ ಸಾಲಿನಲ್ಲಿ ಬರುತ್ತದೆ. ಅದರ ಮುಂದೆ ‘ಬ್ಲೇಮ್’ ಎಂದು ಸೇರಿಸಿದರೆ ತಡಮಾಡಿದವರ ಪಟ್ಟಿಯೇ ಬರುತ್ತದೆ. ಸರಿಯಾಗಿ ೯೦ ಸೆಕೆಂಡು ಹೆಚ್ಚಾಗಿ ಹಿಡಿಯುತ್ತಿದ್ದರೆ, ಈಗ ಪೆಟ್ಟಿಗೆಯಲ್ಲಿಲ್ಲದ ಡಿಸ್ಕೊಂದರ ಹೆಸರು ‘ಎಫ್‌ಎಸ್‌ಟ್ಯಾಬ್’ ಎಂಬ ಕಡತದಲ್ಲಿ ಉಳಿದಿದೆಯೆ ಎಂದು ನೋಡಬೇಕು. ಬಾರದ ಅತಿಥಿಗಾಗಿ ಲಿನಕ್ಸು ಕಾಯುವ ಅವಧಿಯು ಅಷ್ಟೇ.

ಮೂರನೆಯ ಘಟ್ಟದ ಚಿಕಿತ್ಸೆಯನ್ನು ಎಲ್ಲರೂ ಬಲ್ಲರು. ಟಾಸ್ಕ್ ಮ್ಯಾನೇಜರಿನ ಆ ಮೊದಲ ಪುಟದಲ್ಲಿಯೇ, ತಾವಾಗಿ ಏಳುವ ಪ್ರೋಗ್ರಾಮುಗಳ ಪಟ್ಟಿಯಿರುತ್ತದೆ. ಬೇಡವಾದುವನ್ನು ‘ಡಿಸೇಬಲ್’ ಮಾಡಬಹುದು. ಆಮೇಲೆ ಬೇಕಾದಾಗ ಕೈಯಿಂದ ತೆರೆದುಕೊಂಡರಾಯಿತು. ಆಂಟಿವೈರಸ್ಸನ್ನು ಮಾತ್ರ ಮುಟ್ಟಬಾರದು. ಎರಡು ಆಂಟಿವೈರಸ್ಸುಗಳಿದ್ದರೆ ಒಂದನ್ನು ತೆಗೆದುಹಾಕಬೇಕು. ಇಬ್ಬರು ಕಾವಲುಗಾರರು ಒಬ್ಬರನ್ನೊಬ್ಬರು ತಡೆದು ವಿಚಾರಿಸುವುದರಲ್ಲಿಯೇ ಹೊತ್ತು ಕಳೆಯುತ್ತಾರೆ. ‘ನಿಮ್ಮ ಯಂತ್ರವನ್ನು ಚುರುಕುಗೊಳಿಸುತ್ತೇವೆ’ ಎಂದು ಜಾಹೀರಾತು ಕೊಡುವ ಶುಚಿಕಾರಕ ಪ್ರೋಗ್ರಾಮುಗಳಿಂದ ಏಳುವ ಕಾಲವು ಕಡಿಮೆಯಾದುದನ್ನು ನಾವು ನೋಡಿಲ್ಲ. ಅವೂ ಅದೇ ಪಟ್ಟಿಗೆ ಬಂದು ಸೇರಿಕೊಳ್ಳುವುದನ್ನು ನೋಡಿದ್ದೇವೆ.

ಕಡೆಯದಾಗಿ ಬಯಾಸಿನ ಹೊಸ ಆವೃತ್ತಿಯ ವಿಷಯ. ರ್‍ಯಾಮಿನ ಶ್ರುತಿಯು ತಡವಾಗುವ ಬೋರ್ಡುಗಳಲ್ಲಿ ತಯಾರಕರ ಹೊಸ ಆವೃತ್ತಿಯಿಂದ ಗುಣವು ಕಾಣಬಹುದಾದುದರಿಂದ ಅದನ್ನು ಹಾಕುವುದು ಯೋಗ್ಯ. ಆದರೆ ಆ ಚಿಪ್ಪಿನ ಮೇಲೆ ಬರೆಯುತ್ತಿರುವಾಗ ವಿದ್ಯುತ್ತು ಹೋದರೆ ಯಂತ್ರವು ಏಳುವ ಮೊದಲ ಮೆಟ್ಟಿಲೇ ಕುಸಿದಂತೆ. ಮಳೆಗಾಲದ ಸಂಜೆಗಳಲ್ಲಿ ಈ ಕೆಲಸವು ಬೇಡ, ಯು.ಪಿ.ಎಸ್. ಇದ್ದರೆ ಅದರ ಬ್ಯಾಟರಿಯು ತುಂಬಿದೆಯೆಂದು ನೋಡಿಕೊಂಡು, ಬೋರ್ಡಿನ ಮಾದರಿಯ ಹೆಸರನ್ನು ಅಕ್ಷರಶಃ ಹೋಲಿಸಿ ನೋಡಿ ಆರಂಭಿಸಬೇಕು. ಮುಗಿದ ಮೇಲೆ ನಮ್ಮ ಹಿಂದಿನ ಆಯ್ಕೆಗಳು ಅಳಿಸಿಹೋಗಿರುವುದುಂಟಾದ್ದರಿಂದ, ಏಳುವ ಕ್ರಮವನ್ನೂ ರ್‍ಯಾಮಿನ ವೇಗದ ಆಯ್ಕೆಯನ್ನೂ ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿರಿ. ಆ ಮೊದಲ ಸಲ ರ್‍ಯಾಮಿನ ಶ್ರುತಿಯು ಪುನಃ ನಡೆಯುವುದರಿಂದ ತೆರೆಯು ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಕೈಯನ್ನು ಗುಂಡಿಯಿಂದ ದೂರವಿಟ್ಟು, ಬೋರ್ಡಿನ ಮೇಲಿನ ಆ ಪುಟ್ಟ ದೀಪವು ಆರುವವರೆಗೆ ಕಾಯಬೇಕು.